ಮೀಟರ್ ಹಿಡಿದೇ ಹತ್ತಿರ ಹೋಗು

ದಾವಣಗೆರೆ

ಪ್ರೀತಿಯ ಮಗನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪೈಪ್‌ಲೈನಿನ ವೆಲ್ಡಿಂಗ್ ಪರೀಕ್ಷೆ ಮಾಡುವ ರೇಡಿಯೋಗ್ರಫಿ ಕೆಲಸಕ್ಕೆ ಸೇರಿದೆಯಂತೆ, ನಿಮ್ಮಪ್ಪ ಹೇಳಿದ. ಸಂತೋಷ. ನಾನೂ ಇಲ್ಲಿನ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲೇ ರಿಟೈರ್ ಆದವನಲ್ವಾ? ಆದರೆ ನನ್ನ ಮೆಷಿನ್ ಆಫ್ ಮಾಡಿದರೆ ಕಿರಣ ಅಲ್ಲಿಗೇ ನಿಲ್ಲುತ್ತಿತ್ತು. ನಿನ್ನ ಕ್ಯಾಮೆರಾದಲ್ಲಿ, ಅಂದರೆ ಆ ಭಾರದ ಪೆಟ್ಟಿಗೆಯಲ್ಲಿ, ಇರುವ ಇರಿಡಿಯಂ-192 ಎಂಬ ವಿಕಿರಣ ಸೂಸುವ ಲೋಹದ ಚೂರಿಗೆ ಸ್ವಿಚ್ಚೇ ಇಲ್ಲ. 74 ದಿನಕ್ಕೊಮ್ಮೆ ಅದರ ಶಕ್ತಿ ಅರ್ಧವಾಗುತ್ತದೆ, ಅಷ್ಟೇ.

ಒಂದೊಂದು ಶಾಟ್‌ಗೂ, ಅಂದರೆ ಚಿತ್ರ ತೆಗೆಯುವಾಗಲೂ, ಹ್ಯಾಂಡಲ್ ತಿರುಗಿಸಿ ಆ ಚೂರನ್ನು (ಅದೇ ಸೋರ್ಸ್) ಕೇಬಲ್‌ನಿಂದ ಟ್ಯೂಬಿನೊಳಗೆ ತಳ್ಳಿ, ಆಮೇಲೆ ಪೆಟ್ಟಿಗೆಗೆ ವಾಪಸ್ ಎಳೆಯುತ್ತೀಯಲ್ವಾ? ಹ್ಯಾಂಡಲ್ ಪೂರ್ತಿ ತಿರುಗಿಸಿದೆ, ಸೋರ್ಸ್ ಒಳಗೆ ಹೋಗಿರುತ್ತದೆ ಅಂತ ಮಾತ್ರ ಯಾವತ್ತೂ ನಂಬಬೇಡ. ಕೇಬಲ್‌ನಿಂದ ಕಳಚಿ ಟ್ಯೂಬಿನಲ್ಲೇ ಉಳಿದರೂ ಹ್ಯಾಂಡಲ್ ಸಲೀಸಾಗಿ ತಿರುಗುತ್ತದೆ. ಕಣ್ಣಿಗೆ ಕಾಣದು, ವಾಸನೆಯಿಲ್ಲ. ಪ್ರತಿ ಶಾಟ್ ಆದಮೇಲೂ ಕಿರಣ ಅಳೆಯುವ ಸರ್ವೇ ಮೀಟರ್ ಹಿಡಿದೇ ಹತ್ತಿರ ಹೋಗು. ಮುಚ್ಚಿದ ಕ್ಯಾಮೆರಾಕ್ಕೆ ತಾಗಿಸಿ ಹಿಡಿದರೂ ಮುಳ್ಳು ಸ್ವಲ್ಪ ಏಳಬೇಕು. ಏಳದಿದ್ದರೆ ಮೀಟರೇ ಕೆಟ್ಟಿದೆ, ಕೆಲಸ ಶುರು ಮಾಡಬೇಡ.

ಏಪ್ರನ್ ಕೇಳಿದೆಯಂತೆ. ನನ್ನ ಅರ್ಧ ಮಿಲಿಮೀಟರ್ ಸೀಸದ ಏಪ್ರನ್ ನಿನ್ನ ಕೆಲಸಕ್ಕೆ ಸುಮ್ನೆ ಭಾರ. ಇರಿಡಿಯಂ ಕಿರಣ ಅರ್ಧ ಆಗಬೇಕಾದರೇ ಸುಮಾರು 5 ಮಿಲಿಮೀಟರ್ ಸೀಸ ಬೇಕು. (ಎಷ್ಟೋ ಕ್ಯಾಮೆರಾಗಳ ಒಳಗೆ ಸೀಸದ ಬದಲು ಯುರೇನಿಯಂ ಇರುತ್ತದೆ, ಅದು ಸೀಸಕ್ಕಿಂತ ಸಾಂದ್ರ. ತಮಾಷೆ ನೋಡು, ಕಾಯುವುದಕ್ಕೂ ಯುರೇನಿಯಮ್ಮೇ!) ನಿನಗೆ ದೂರವೇ ದೊಡ್ಡ ರಕ್ಷಣೆ. ಒಂದು ಮೀಟರಿನಿಂದ ಹತ್ತು ಮೀಟರಿಗೆ ಸರಿದರೆ ಕಿರಣ ನೂರರಲ್ಲಿ ಒಂದು ಪಾಲು. ಅದೇ ಲೆಕ್ಕ ತಿರುಗಿಸು: ಒಂದು ಸೆಂಟಿಮೀಟರಿಗೆ ಬಂದರೆ ಹತ್ತು ಸಾವಿರ ಪಟ್ಟು. ಕೆಳಗೆ ಬಿದ್ದ ಚೂರನ್ನು ಬೆರಳಲ್ಲಿ ಎತ್ತಿದವರ ಕೈ ಸುಡುವುದು ಇದಕ್ಕೇ. ಅಂಥದ್ದು ಕಂಡರೆ ದೂರ ಸರಿ, ಹಗ್ಗ ಕಟ್ಟಿ ಜನರನ್ನು ತಡೆ, ಸೇಫ್ಟಿ ಆಫೀಸರನ್ನು ಕರೆಸು. ಬೇರೆಯವರು ಎಷ್ಟೇ ಅವಸರ ಮಾಡಲಿ, ನೀನು ಮುಟ್ಟಬೇಡ.

ಊಟಕ್ಕೆ ಹೋಗುವಾಗ ಕ್ಯಾಮೆರಾ ಜೀಪಿನಲ್ಲಿ ಬಿಟ್ಟು ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಳುವಾದರೆ ಅದು ಸೇರುವುದು ಗುಜರಿಗೆ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಯಲ್ಲಿ ಕೋಬಾಲ್ಟ್-60 ಎಂಬ ವಿಕಿರಣ ವಸ್ತು ಇದ್ದ ಹಳೆಯ ಯಂತ್ರ ಬಿಚ್ಚಿದರು. ಅದೇನೆಂದು ಅವರಿಗೆ ಗೊತ್ತೇ ಇರಲಿಲ್ಲ. ಒಬ್ಬರ ಜೀವ ಹೋಯಿತು.

ಮೈಗೆ ತಾಗಿದ ಕಿರಣ ದಾಖಲಿಸುವ ಬ್ಯಾಡ್ಜ್ ಎದೆ ಮೇಲೇ ಇರಲಿ, ಬ್ಯಾಗಿನಲ್ಲಿ ಅಲ್ಲ. ಅದು ಕಾಪಾಡುವುದಿಲ್ಲ, ಆಮೇಲೆ ಲೆಕ್ಕ ಹೇಳುತ್ತದೆ ಅಷ್ಟೇ. ನಮ್ಮ ದೇಶದಲ್ಲಿ ಯಾವ ವರ್ಷವೂ 30 ಮಿಲಿಸೀವರ್ಟ್ (ಮೈಗೆ ತಾಗಿದ ಕಿರಣದ ಅಳತೆ) ಮೀರಬಾರದು, ಐದು ವರ್ಷದ ಸರಾಸರಿ 20 ದಾಟಬಾರದು. ನಿನ್ನದು ಅದರ ಹತ್ತಿರವೂ ಹೋಗಬಾರದು. ಮೂರು ತಿಂಗಳ ರಿಪೋರ್ಟ್ ಬಂದ ಕೂಡಲೇ ಫೋಟೋ ತೆಗೆದು ನನಗೆ ಕಳಿಸು.

ನಿನ್ನ ದೊಡ್ಡಪ್ಪ