ಬಿಡಿಭಾಗವನ್ನು ಜಾಗಕ್ಕೆ ಕೂರಿಸುವುದು ಕರಗಿದ ಬೆಸುಗೆ

ಮಾನ್ಯ ಸಂಪಾದಕರೇ,

ಎಲೆಕ್ಟ್ರಾನಿಕ್ಸ್ ತಯಾರಿಕೆಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆಯಾಗುವುದು ಯಂತ್ರಗಳ ಬೆಲೆ ಮತ್ತು ವೇಗ. ಆದರೆ ಯಂತ್ರವು ಸರ್ಕ್ಯೂಟ್ ಬೋರ್ಡಿನ ಮೇಲೆ ಇಟ್ಟುಹೋದ ರೆಸಿಸ್ಟರ್ ಎಂಬ ಪುಟ್ಟ ಬಿಡಿಭಾಗವನ್ನು ಕಟ್ಟಕಡೆಗೆ ಅದರ ಜಾಗದಲ್ಲಿ ಕೂರಿಸುವುದು ಕರಗಿದ ಬೆಸುಗೆಯ ಮೇಲ್ಮೈ ಎಳೆತ (ದ್ರವದ ಮೈ ಕುಗ್ಗಲು ಹವಣಿಸುವ ಸೆಳೆತ) ಎಂಬುದನ್ನು ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ನಾವು ಸರಿಯಾಗಿ ಕಲಿಸುತ್ತಿಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಬಹುಕಾಲ ಪಾಠ ಹೇಳಿದ ನನಗೂ ಈ ತಪ್ಪಿನಲ್ಲಿ ಪಾಲಿದೆ.

ಕಳೆದ ವರ್ಷ ಹಳೆಯ ವಿದ್ಯಾರ್ಥಿಯೊಬ್ಬರ ಕರೆಯ ಮೇಲೆ ಪೀಣ್ಯದ ಒಂದು ಸಣ್ಣ ಘಟಕಕ್ಕೆ ಹೋಗಿದ್ದೆ. ಓವನ್ನಿನಿಂದ ಹೊರಬಂದ ಬೋರ್ಡುಗಳಲ್ಲಿ ಒಂದೇ ಜಾಗದ ರೆಸಿಸ್ಟರ್ ಮತ್ತೆ ಮತ್ತೆ ಒಂದು ತುದಿ ಎತ್ತಿಕೊಂಡು, ಹೊಲದ ಬದುವಿನ ವೀರಗಲ್ಲಿನಂತೆ ನೆಟ್ಟಗೆ ನಿಂತಿತ್ತು. ಇದಕ್ಕೆ ಈ ಕಸುಬಿನವರು ಗೋರಿಕಲ್ಲು ಎಂಬರ್ಥದಲ್ಲಿ ಟೂಂಬ್‌ಸ್ಟೋನ್ ಎನ್ನುತ್ತಾರೆ. ಅಲ್ಲಿನವರು ಎರಡು ದಿನದಿಂದ ಯಂತ್ರವನ್ನೇ ಬೈಯುತ್ತ ಅದರ ಅಳತೆ ತಿದ್ದುತ್ತಿದ್ದರು. ಭೂತಗನ್ನಡಿ ಹಿಡಿದು ನೋಡಿದರೆ ದೋಷ ಬೋರ್ಡಿನ ವಿನ್ಯಾಸದಲ್ಲಿತ್ತು. ಒಂದು ಪ್ಯಾಡ್ (ಬಿಡಿಭಾಗದ ತುದಿ ಕೂರುವ ಲೋಹದ ತಾಣ) ಅಗಲವಾದ ತಾಮ್ರದ ಹಾಳೆಗೆ ನೇರವಾಗಿ ಸೇರಿದ್ದರಿಂದ ಶಾಖವೆಲ್ಲ ಅತ್ತ ಹರಿದು, ಅಲ್ಲಿನ ಸೋಲ್ಡರ್ ಪೇಸ್ಟ್, ಅಂದರೆ ಬೆಸುಗೆಯ ಪುಡಿಯ ಲೇಪ, ತಡವಾಗಿ ಕರಗುತ್ತಿತ್ತು. ಅಷ್ಟರಲ್ಲಿ ಎದುರು ತುದಿಯಲ್ಲಿ ಮೊದಲೇ ಕರಗಿದ ಬೆಸುಗೆ ರೆಸಿಸ್ಟರನ್ನು ತನ್ನತ್ತ ಜಗ್ಗಿ ಎಬ್ಬಿಸಿ ನಿಲ್ಲಿಸುತ್ತಿತ್ತು. ಪ್ಯಾಡನ್ನು ತಾಮ್ರದ ಹಾಳೆಗೆ ಸಪೂರ ಎಳೆಗಳಿಂದ ಮಾತ್ರ ಜೋಡಿಸಿದರೆ ಈ ಕಾಟ ತಪ್ಪುತ್ತದೆ.

ಒಂದು ಹನಿಗೆ ಅಷ್ಟು ಬಲ ಎಲ್ಲಿಂದ ಎಂದು ಅಲ್ಲಿದ್ದ ತರುಣನೊಬ್ಬ ಕೇಳಿದ. ವಸ್ತುವಿನ ಉದ್ದ, ಅಗಲ, ಎತ್ತರ ಮೂರನ್ನೂ ಹತ್ತನೇ ಒಂದಕ್ಕೆ ಇಳಿಸಿದರೆ ಅದರ ತೂಕ ಸಾವಿರದಲ್ಲಿ ಒಂದು ಪಾಲಾಗುತ್ತದೆ. ಅಂಚಿನುದ್ದಕ್ಕೂ ಹಿಡಿದೆಳೆಯುವ ದ್ರವದ ಬಲ ಮಾತ್ರ ಹತ್ತರಲ್ಲಿ ಒಂದು ಪಾಲಾಗುತ್ತದೆ. ಅಂದರೆ ತೂಕದ ಎದುರು ಆ ಎಳೆತ ನೂರು ಪಟ್ಟು ಮೇಲುಗೈ ಪಡೆಯುತ್ತದೆ. ಈಗ ಸಾಮಾನ್ಯವಾಗಿರುವ 0402 ಅಳತೆಯ ರೆಸಿಸ್ಟರ್ 1 ಮಿ.ಮೀ. ಉದ್ದ, 0.5 ಮಿ.ಮೀ. ಅಗಲ ಇರುತ್ತದೆ; ಒಂದು ಗ್ರಾಂ ತೂಗಲು ಅಂಥವು ಸಾವಿರಕ್ಕೂ ಹೆಚ್ಚು ಬೇಕು. ಸೀಸವಿಲ್ಲದ ಬೆಸುಗೆ ಸುಮಾರು 217 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗತೊಡಗುತ್ತದೆ, ಕರಗಿದಾಗ ಅದರ ಮೇಲ್ಮೈ ಎಳೆತ ನೀರಿನದಕ್ಕಿಂತ ಹಲವು ಪಟ್ಟು ಹೆಚ್ಚು. ಪೇಸ್ಟಿನಲ್ಲಿ ಬೆರೆತಿರುವ ಫ್ಲಕ್ಸ್ ಎಂಬ ಶುದ್ಧಿಕಾರಕ ಲೋಹದ ಮೇಲಿನ ಕಿಲುಬನ್ನು ಕಳೆದು, ಎರಡೂ ಪ್ಯಾಡುಗಳು ಒಟ್ಟಿಗೆ ತೊಯ್ದರೆ ಎರಡೂ ಕಡೆಯ ಎಳೆತ ಸಮನಾಗಿ, ಕೊಂಚ ಸೊಟ್ಟಗೆ ಇಟ್ಟ ಬಿಡಿಭಾಗವೂ ತಾನಾಗಿ ತಿರುಗಿ ನೇರಕ್ಕೆ ಬಂದು ಕೂರುತ್ತದೆ. ದೊಡ್ಡ ಕನೆಕ್ಟರುಗಳ ವಿಷಯದಲ್ಲಿ ಮಾತ್ರ ಈ ಉಪಕಾರವನ್ನು ನಿರೀಕ್ಷಿಸುವಂತಿಲ್ಲ.

ಇದೇನೂ ನಿನ್ನೆ ಮೊನ್ನೆಯ ಸಂಗತಿಯಲ್ಲ. ಚಿಪ್ಪನ್ನು ಬೋರಲು ಹಾಕಿ ಬೆಸುಗೆಯ ಪುಟ್ಟ ಗುಂಡುಗಳ ಮೇಲೆ ಕೂರಿಸುವ ವಿಧಾನವನ್ನು ಐಬಿಎಂ 1960ರ ದಶಕದಲ್ಲೇ ಬಳಕೆಗೆ ತಂದಿತು. ಅಲ್ಲಿಯೂ ಕರಗಿದ ಗುಂಡುಗಳೇ ಚಿಪ್ಪನ್ನು ಎಳೆದು ಸಾಲಿಗೆ ತರುತ್ತವೆ. ನಮ್ಮ ಅಕ್ಕಸಾಲಿಗರಂತೂ ದ್ರವದ ಇದೇ ಎಳೆತವನ್ನು ನೆಚ್ಚಿ, ಬಿಳಿಗಾರದ ನೀರಿನಲ್ಲಿ ಅದ್ದಿದ ಕುಂಚದ ಮೊನೆಯಿಂದ ಬೆಸುಗೆಯ ಚೂರನ್ನು ಎತ್ತಿ ಒಡವೆಯ ಕೀಲಿಗೆ ಇಡುತ್ತಾರೆ. ಒದ್ದೆ ಬೆರಳಿನಿಂದ ಸಾಸಿವೆ ಕಾಳು ಎತ್ತಿದವರಿಗೆಲ್ಲ ಗೊತ್ತಿರುವಂತೆ ಎತ್ತುವುದು ಸುಲಭ, ಬಿಡಿಸುವುದು ಕಷ್ಟ. ಇಡುವ ಜಾಗವೂ ತೊಯ್ದು, ಅಲ್ಲಿನ ಹಿಡಿತ ಕುಂಚದ ಹಿಡಿತಕ್ಕಿಂತ ದೊಡ್ಡದಾಗಿದ್ದರೆ ಮಾತ್ರ ಚೂರು ಕೆಳಗೆ ಉಳಿಯುತ್ತದೆ.

ಮೇಲ್ಮೈ ಎಳೆತವನ್ನು ಅಳೆಯುವ ಚರಿತ್ರೆಯಲ್ಲಿ ಪತ್ರಿಕೆಗೆ ಬಂದ ಒಂದು ಕಾಗದಕ್ಕೂ ಜಾಗವಿದೆ ಎಂಬುದನ್ನು ತಮಗೆ ನೆನಪಿಸಬಹುದೇನೋ. ಜರ್ಮನಿಯ ಆಗ್ನೆಸ್ ಪೊಕೆಲ್ಸ್ ಕಾಲೇಜು ಮೆಟ್ಟಿಲು ಹತ್ತದೆ, ಮನೆಯಲ್ಲೇ ತಗಡಿನ ತೊಟ್ಟಿಯೊಂದನ್ನು ಇಟ್ಟುಕೊಂಡು, ನೀರಿನ ಮೈಯಿಂದ ಪುಟ್ಟ ಗುಂಡಿಯೊಂದನ್ನು (ಬಟನ್) ಕಿತ್ತೆಬ್ಬಿಸಲು ಬೇಕಾಗುವ ಬಲವನ್ನು ತಕ್ಕಡಿಯಲ್ಲಿ ಅಳೆದರು. ಆಕೆ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿಯವರಿಗೆ ಬರೆದ ಕಾಗದ 1891ರ ಮಾರ್ಚಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು.

ಪ್ರಥಮ ಪಿಯುಸಿಯಲ್ಲಿ ಮಕ್ಕಳು ಮೇಲ್ಮೈ ಎಳೆತದಿಂದ ಲೋಮನಾಳದಲ್ಲಿ (ಕೂದಲಿನಷ್ಟು ಸಪೂರ ನಳಿಗೆಯಲ್ಲಿ) ನೀರು ಏರುವ ಎತ್ತರದ ಲೆಕ್ಕ ಮಾಡುತ್ತಾರೆ. ಮುಂದೆ ಪಾಲಿಟೆಕ್ನಿಕ್ ಮತ್ತು ಐಟಿಐಗಳ ಪ್ರಯೋಗಾಲಯದಲ್ಲಿ ಅದೇ ಪಾಠಕ್ಕೆ ಒಂದು ಮಧ್ಯಾಹ್ನ ಸಾಕು: ಒಂದು ಹಾಟ್‌ಪ್ಲೇಟ್, ಒಂದು ಭೂತಗನ್ನಡಿ, ಸ್ವಲ್ಪ ಪೇಸ್ಟ್, ಹಳೆಯ ಕೆಲವು ಬೋರ್ಡುಗಳು, ಮತ್ತು ಹೊಗೆ ಹೊರಹೋಗಲು ತೆರೆದ ಕಿಟಕಿ. ಬೇಕೆಂದೇ ಸೊಟ್ಟಗೆ ಇಟ್ಟ ರೆಸಿಸ್ಟರ್ ಪೇಸ್ಟ್ ಕರಗಿದೊಡನೆ ಸರಕ್ಕನೆ ತಿರುಗುವುದನ್ನು ವಿದ್ಯಾರ್ಥಿ ಕಣ್ಣಾರೆ ನೋಡಲಿ. ಆಮೇಲೆ ಒಂದು ಪ್ಯಾಡಿನ ಪೇಸ್ಟನ್ನು ಮಾತ್ರ ಮೊದಲು ಕರಗುವಂತೆ ಮಾಡಿ ಅದು ಎದ್ದು ನಿಲ್ಲುವುದನ್ನೂ ನೋಡಲಿ. ತಾಂತ್ರಿಕ ಶಿಕ್ಷಣದ ಪಠ್ಯಕ್ರಮ ರೂಪಿಸುವವರು ಮುಂದಿನ ಪರಿಷ್ಕರಣೆಯಲ್ಲಿ ಈ ಎರಡು ಪ್ರಯೋಗಗಳನ್ನು ಸೇರಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ, ತುಮಕೂರು