ಭಾನುವಾರ ಜಿಮ್ ಇಲ್ಲ, ಗರಡಿಮನೆಗೆ ಬನ್ನಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಗ್ಗೆ 7ಕ್ಕೆ ಎರಡೂ ಬ್ಯಾಚ್‌ನವರು ದಾವಣಗೆರೆ ಹಳೇ ಪೇಟೆಯ ಗರಡಿಮನೆಗೆ ಬನ್ನಿ. ನಮ್ಮ ದೇಶದಲ್ಲಿ ದೇಹದಾರ್ಢ್ಯ ಬೆಳೆದ ಬಗೆ ಕುರಿತು ಒಂದು ಗಂಟೆ ಮಾತುಕತೆ ಇದೆ.

ಮೊನ್ನೆ ಒಬ್ಬ ಹುಡುಗ "ಇದು ಫಾರಿನ್ ಆಟ ಅಲ್ವಾ ಸರ್" ಅಂದ. ಅದಕ್ಕೇ ಇದು. ಬೆಂಗಳೂರಿನ ಕೆ.ವಿ. ಅಯ್ಯರ್ ವ್ಯಾಯಾಮಶಾಲೆಯನ್ನೂ ನಡೆಸಿದರು, ಕನ್ನಡದಲ್ಲಿ ಕಾದಂಬರಿಯನ್ನೂ ಬರೆದರು. ದೇಹದಾರ್ಢ್ಯದ ಅಂತರರಾಷ್ಟ್ರೀಯ ಸ್ಪರ್ಧೆ ಮಿಸ್ಟರ್ ಯೂನಿವರ್ಸ್‌ನಲ್ಲಿ ನಮ್ಮ ದೇಶದವರೇ ಆದ ಮನೋತೋಷ್ ರಾಯ್ 1951ರಲ್ಲಿ, ಮನೋಹರ್ ಐಚ್ 1952ರಲ್ಲಿ ತಮ್ಮ ವಿಭಾಗ ಗೆದ್ದರು. ಐಚ್ ಎತ್ತರ ಐದಡಿಗೂ ಕಡಿಮೆ! ಬ್ರಿಟಿಷರ ಕಾಲದಲ್ಲಿ ಜೈಲಿಗೆ ಹೋದರೂ ಕಸರತ್ತು ಬಿಡಲಿಲ್ಲ. 2016ರಲ್ಲಿ ತೀರಿಕೊಂಡಾಗ ವಯಸ್ಸು ನೂರು ದಾಟಿತ್ತು. ಪ್ರೋಟೀನ್ ಡಬ್ಬಿಗೆ ಸುಮ್ನೆ ದುಡ್ಡು ಸುರಿಯುವವರು ಇದನ್ನು ಜಾಸ್ತಿ ಗಮನಿಸಿ. ನಮ್ಮ ಇನ್ನೊಬ್ಬ ದೇಹದಾರ್ಢ್ಯ ಪಟು ಪ್ರೇಮ್‌ಚಂದ್ ದೇಗ್ರಾ ಅವರ 1988ರ ಗೆಲುವಿನ ಬಗ್ಗೆ ಅಲ್ಲೇ ಮಾತಾಡೋಣ.

ಚಪ್ಪಲಿ ಹೊರಗೆ ಬಿಡಿ, ಅಖಾಡದ ಮಣ್ಣು ತುಳಿಯಬೇಡಿ. ಮನೆಯಲ್ಲಿ ಅಜ್ಜ, ದೊಡ್ಡಪ್ಪ ಗದೆ ತಿರುಗಿಸಿದ ಹಳೇ ಫೋಟೋ ಇದ್ದರೆ ತನ್ನಿ. ಅವರನ್ನೇ ಕರೆತಂದರೆ ಇನ್ನೂ ಸಂತೋಷ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ "ಬರ್ತೀನಿ" ಅಂತ ಹಾಕಿ. ಆಮೇಲೆ ಬೆಣ್ಣೆ ದೋಸೆ ಇದೆ, ಲೆಕ್ಕ ಕೊಡಬೇಕು. ಡಯಟ್‌ನಲ್ಲಿರುವವರು ಅದನ್ನೂ ತಿಳಿಸಿ.