ಗುಡ್ ಫ್ರೈಡೆ ದಿನ ಯೆಹೂದ್ಯರಿಗೆ ಬೈಗುಳ ಯಾಕೆ?

ಮಾನ್ಯರೇ,

ನಮ್ಮ ಚರ್ಚಿನ ಗುಡ್ ಫ್ರೈಡೆ ಪ್ರಬೋಧನೆ ಬಗ್ಗೆ ನಿಮ್ಮ ವರದಿಗಾರರು ‘ಕೆಲವರಿಗೆ ಸಣ್ಣ ಬೇಸರ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಸಣ್ಣ ಬೇಸರವೇ? ಅಲ್ಲಿ ಕೂತಿದ್ದವಳು ನಾನು.

ನನ್ನ ಪಕ್ಕದಲ್ಲಿ ಮಗಳ ಆಫೀಸಿನ ಗೆಳತಿ ಇದ್ದಳು. ಯೆಹೂದ್ಯ ಹುಡುಗಿ, ಇಸ್ರೇಲಿನ ಹೈಫಾದವಳು. ನಮ್ಮ ಆರಾಧನೆ ನೋಡಬೇಕು ಎಂದು ತಾನಾಗಿಯೇ ಬಂದಿದ್ದಳು. ಉಪವಾಸ, ಶಾಮಿಯಾನದ ಕೆಳಗೆ ಮೂರು ಗಂಟೆಯ ಬಿಸಿಲು, ತಿರುಗದ ಫ್ಯಾನು. ಮಂಡಿನೋವಿನ ಅತ್ತೆಯನ್ನು ಗೇಟಿನಿಂದ ಕೈಹಿಡಿದು ನಡೆಸಿಕೊಂಡು ಬಂದಿದ್ದೆ. ಅದೆಲ್ಲ ಇರಲಿ. ಫಾದರ್ ಕನ್ನಡ ಇಂಗ್ಲಿಷ್ ಬೆರೆಸಿ, “ಯೇಸುವನ್ನು ಕೊಂದ ಜನ ಇವತ್ತಿಗೂ ಅದರ ಫಲ ಉಣ್ತಿದ್ದಾರೆ” ಎಂದು ಮೈಕಿನಲ್ಲಿ ಕೂಗಿದರು. ಹುಡುಗಿ ಕೈಯಲ್ಲಿದ್ದ ಹಾಡಿನ ಪುಸ್ತಕ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ತೆರೆಯಲೇ ಇಲ್ಲ. ರಾತ್ರಿ ಊಟಕ್ಕೆ ಕೂತಾಗ ಅವಳ ಮುಖ ನೋಡುವುದು ನನಗೆ ಎಷ್ಟು ಕಷ್ಟವಾಯಿತು ಎಂದು ಫಾದರ್‌ಗೆ ಗೊತ್ತೇ?

ಶಿಲುಬೆ ರೋಮನ್ನರ ಶಿಕ್ಷೆ. ತೀರ್ಪು ಕೊಟ್ಟವನು ರೋಮನ್ ಅಧಿಪತಿ ಪಿಲಾತ, ಮೊಳೆ ಹೊಡೆದವರು ಅವನ ಸೈನಿಕರು. ಯೇಸು, ಮರಿಯಮ್ಮ, ಶಿಷ್ಯರು ಎಲ್ಲರೂ ಯೆಹೂದ್ಯರೇ ಅಲ್ವಾ? ‘ಅವರಿಗೆ ಕಣ್ಣಿಗೆ ಕಣ್ಣು ಮಾತ್ರ ಗೊತ್ತು, ಪ್ರೀತಿ ನಮ್ಮದು’ ಎಂದೂ ಫಾದರ್ ಅಂದರು. ‘ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು’ ಎಂಬ ಮಾತು ಇರುವುದು ಯಾಜಕಕಾಂಡದ 19ನೇ ಅಧ್ಯಾಯದಲ್ಲಿ. ಅದು ಅವರ ಗ್ರಂಥ. ಯೇಸು ಅಲ್ಲಿಂದಲೇ ಎತ್ತಿ ಹೇಳಿದ್ದು. ಸೆಮಿನರಿಯಲ್ಲಿ ಇಷ್ಟು ವರ್ಷ ಕೂತು ಓದಿದವರಿಗೆ ನಾನು ಹೇಳಿಕೊಡಬೇಕೇ?

ಬೈಬಲಿನಲ್ಲಿ ಇರುವುದನ್ನು ಓದಬೇಡಿ ಎಂದು ಯಾರೂ ಹೇಳುತ್ತಿಲ್ಲ. ಫರಿಸಾಯರು ಅಂದರೆ ಆ ಕಾಲದ ಒಂದು ಯೆಹೂದ್ಯ ಪಂಗಡ; ಯೇಸು ಅವರನ್ನು ಬೈದದ್ದು ಅಣ್ಣತಮ್ಮಂದಿರ ಜಗಳದ ಹಾಗೆ. ಅದನ್ನು ಎತ್ತಿಕೊಂಡು ಇವತ್ತಿನ ಒಂದು ಇಡೀ ಜನಾಂಗದ ತಲೆಗೆ ಕಟ್ಟಿದರೆ ಕೇಳುವವರಿಗೆ ನೋವಾಗುತ್ತದೆ. ಇಸ್ರೇಲ್ ಸರ್ಕಾರ ಮಾಡಿದ್ದು ತಪ್ಪು ಅನ್ನಿಸಿದರೆ ಸರ್ಕಾರವನ್ನು ಬೈಯಿರಿ. ಈ ಹುಡುಗಿ ಏನು ಮಾಡಿದಳು?

ಯೇಸುವಿನ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಬಾರದು, ಅವರು ಶಾಪಗ್ರಸ್ತರು ಎಂದು ಬೋಧಿಸಬಾರದು ಎಂದು ನಮ್ಮ ಕಥೋಲಿಕ ಧರ್ಮಾಧ್ಯಕ್ಷರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿತು. ಪ್ರಬೋಧನೆಯಲ್ಲಿ ಅವರ ಬಗ್ಗೆ ಹೇಗೆ ಮಾತಾಡಬೇಕು ಎಂದು 1985ರಲ್ಲಿ ವ್ಯಾಟಿಕನ್ ಮತ್ತೆ ಬರೆದು ಕಳಿಸಿತು. ಅದೂ ಬೇಡ. ಪ್ರಬೋಧನೆ ಮುಗಿದ ಮೇಲೆ ಬರುವ ಪ್ರಾರ್ಥನೆಗಳಲ್ಲಿ ದೇವರು ಮೊದಲು ಮಾತಾಡಿದ್ದು ಯೆಹೂದ್ಯರ ಜೊತೆ ಎಂದು ಇದೇ ಫಾದರ್ ಓದಿದರು! ತಾವು ಓದುವುದು ತಮ್ಮ ಕಿವಿಗೇ ಬೀಳುವುದಿಲ್ಲವೇ? ರೋಮಿನಲ್ಲಿ 1584ರಿಂದ 1847ರವರೆಗೆ ಯೆಹೂದ್ಯರನ್ನು ಬಲವಂತವಾಗಿ ಕೂರಿಸಿ ಮತಾಂತರದ ಪ್ರಬೋಧನೆ ಕೇಳಿಸುತ್ತಿದ್ದರು. ಈ ಹುಡುಗಿ ನಮ್ಮನ್ನು ನಂಬಿ ಬಂದವಳು.

2021ರಲ್ಲಿ ಪೋಪ್ ಫ್ರಾನ್ಸಿಸ್ ಬೈಬಲಿನಲ್ಲಿರುವ ಪೌಲನ ಪತ್ರ ವಿವರಿಸುತ್ತ, ಯೆಹೂದ್ಯರು ಪಾಲಿಸುವ ಮೋಶೆಯ ಧರ್ಮಶಾಸ್ತ್ರ ಜೀವ ಕೊಡುವುದಿಲ್ಲ ಎಂದಾಗ ಇಸ್ರೇಲಿನ ರಬ್ಬಿಗಳು, ಅಂದರೆ ಯೆಹೂದ್ಯ ಧರ್ಮಗುರುಗಳು, ವ್ಯಾಟಿಕನ್ನಿಗೆ ಕಾಗದ ಬರೆದರು. ಇವತ್ತಿನ ಯೆಹೂದ್ಯ ಧರ್ಮದ ಬಗ್ಗೆ ಆಡಿದ ಮಾತಲ್ಲ ಅದು ಎಂದು ವ್ಯಾಟಿಕನ್ನಿನಿಂದ ಉತ್ತರ ಹೋಯಿತು. ನಮ್ಮಲ್ಲಿ ಉತ್ತರ ಕೊಡುವ ಅಭ್ಯಾಸವೇ ಇಲ್ಲ. ಕನ್ನಡ ಪೂಜೆಗೆ ಸರಿಯಾದ ಸಮಯ ಕೊಡಿ ಎಂದು ಕೇಳಿ ಕೇಳಿ ನಮ್ಮ ಯಜಮಾನರು ಸುಸ್ತಾದರು. ಸ್ಮಶಾನದ ಗೋಡೆ ಬಿದ್ದು ಎಷ್ಟು ಕಾಲವಾಯಿತು, ಚರ್ಚಿನ ಪಾಲನಾ ಸಮಿತಿಯವರು ಆ ಕಡೆ ತಿರುಗಿ ನೋಡಿಲ್ಲ. ಕಾಣಿಕೆ ಪಟ್ಟಿ ಓದುವಾಗ ಮಾತ್ರ ಎಲ್ಲರೂ ಹಾಜರು. ಇನ್ನು ಆ ದಿನ ರಸ್ತೆಗೆ ಅಡ್ಡ ಬ್ಯಾರಿಕೇಡ್ ಇಟ್ಟ ಪೊಲೀಸರು ಅತ್ತೆಯನ್ನು ಆಟೋದಲ್ಲಿ ಗೇಟಿನವರೆಗೂ ಬಿಡಲಿಲ್ಲ. ವಯಸ್ಸಾದವರು ಅಂದರೆ ಯಾರಿಗೂ ಲೆಕ್ಕಕ್ಕಿಲ್ಲ.

‘ನಮ್ಮೂರಲ್ಲಿ ಯೆಹೂದ್ಯರು ಎಲ್ಲಿದ್ದಾರೆ, ಯಾಕೆ ಇಷ್ಟು ಗಲಾಟೆ’ ಎಂದು ಸಮಿತಿಯವರೊಬ್ಬರು ನನ್ನನ್ನೇ ಕೇಳಿದರು. ಸ್ವಾಮಿ, ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಅವರ ಸ್ಮಶಾನವೇ ಇದೆ, ಹೋಗಿ ನೋಡಿ. ಯಾರೂ ಇಲ್ಲದಿದ್ದರೆ ಬೈಯಬಹುದೇ? ನಮ್ಮ ಬಗ್ಗೆ ಬೇರೆಯವರು ವೇದಿಕೆ ಹತ್ತಿ ಹೀಗೇ ಮಾತಾಡಿದಾಗ ಮೊದಲು ಮನವಿ ಪತ್ರ ಹಿಡಿದು ಓಡುವವರು ಇದೇ ಸಮಿತಿಯವರು.

ಮೇಲಿನವರು ಈಗಲಾದರೂ ಕಣ್ಣು ಬಿಡಬೇಕು. ಫಾದರ್ ಆ ಹುಡುಗಿಯ ಕ್ಷಮೆ ಕೇಳಬೇಕು. ಪ್ರಬೋಧನೆ ಸಿದ್ಧ ಮಾಡಿಕೊಳ್ಳದೆ ಬಾಯಿಗೆ ಬಂದದ್ದು ಮಾತಾಡುವವರ ಕೈಗೆ ಮೈಕ್ ಕೊಡಬಾರದು. ಆ ಗೋಡೆಯನ್ನೂ ಕಟ್ಟಿಸಬೇಕು. ಎಷ್ಟು ಸಲ ಹೇಳಬೇಕು ಇವರಿಗೆ?

– ನೊಂದ ವಿಶ್ವಾಸಿ, ಬೆಂಗಳೂರು